ಉದ್ದ ತಲೆ, ಮಡಚಿದ ಬೆರಳು

ಹಾವೇರಿ, ಗದಗ ಕಡೆಯಿಂದ ಹುಬ್ಬಳ್ಳಿಗೆ ತೋರಿಸಲು ತರುವ ಹಸುಗೂಸುಗಳಲ್ಲಿ ತಲೆ ಸೊಟ್ಟಗಿದೆ ಎಂಬ ದೂರು ಹೊಸದೇನಲ್ಲ. ಬಹುಪಾಲು ಅದು ಒಂದೇ ಮಗ್ಗುಲಲ್ಲಿ ಮಲಗಿಸಿದ್ದರಿಂದ ಆದದ್ದಾಗಿದ್ದು, ಕೂಸು ಹೊರಳಲು ಕಲಿತ ಮೇಲೆ ಕ್ರಮೇಣ ಸುಧಾರಿಸುತ್ತದೆ. ತಲೆಬುರುಡೆಯ ಎಲುಬುಗಳು ಕೂಡುವ ಸಂದುಗಳು, ಅಂದರೆ ಹೊಲಿಗೆಗಳು, ಹೊತ್ತಿಗೆ ಮುಂಚೆ ಬೆಸೆದುಕೊಂಡಿದ್ದರೆ ಮಾತ್ರ ಸಂಗತಿ ಬೇರೆ. ಆಗ ನೆತ್ತಿಯುದ್ದಕ್ಕೂ ಬೆರಳಾಡಿಸಿದರೆ ಗಟ್ಟಿ ಏಣು ತಾಗುತ್ತದೆ. "ನೆತ್ತಿ ಲಗೂ ಕೂಡೈತ್ರಿ, ಚಲೋನ ಅಲ್ಲೇನ್ರಿ?" ಎಂದು ಅಜ್ಜಿಯಂದಿರು ಕೇಳುವುದುಂಟು. ಮಿದುಳು ಅತಿ ವೇಗವಾಗಿ ಬೆಳೆಯುವುದೇ ಮೊದಲೆರಡು ವರ್ಷಗಳಲ್ಲಾದ್ದರಿಂದ ಇದು ಚಲೋ ಅಲ್ಲ, ಎಣ್ಣೆ ಹಚ್ಚಿ ತಿದ್ದಿದರೆ ಹೋಗುವಂಥದ್ದೂ ಅಲ್ಲ.

ಇಂಥ ಕೂಸಿನ ತಲೆಯನ್ನಷ್ಟೇ ನೋಡಿ ಬಿಡಬಾರದು. ಕೈಬೆರಳುಗಳು ನೀಳವಾಗಿದ್ದು ಪೂರ್ತಿ ಚಾಚಲು ಬಾರದಿದ್ದರೆ, ಕಣ್ಣುಗುಡ್ಡೆ ಮುಂದೆ ಚಾಚಿದ್ದರೆ, ಅಂಗುಳು ಎತ್ತರವಾಗಿದ್ದು ಕೆಳದವಡೆ ಚಿಕ್ಕದಿದ್ದರೆ, ಮೈ ಸಡಿಲವಾಗಿ ಹೊಕ್ಕುಳಲ್ಲೋ ತೊಡೆಸಂದಿಯಲ್ಲೋ ಹರ್ನಿಯಾ ಇದ್ದರೆ ಶ್ಪ್ರಿಂಟ್‌ಜೆನ್-ಗೋಲ್ಡ್‌ಬರ್ಗ್ ಸಿಂಡ್ರೋಮ್ ನೆನಪಾಗಬೇಕು. 1982ರಲ್ಲಿ ವರದಿಯಾದ ಈ ತೀರ ವಿರಳ ಸ್ಥಿತಿಗೆ ಒಂದನೇ ವರ್ಣತಂತುವಿನಲ್ಲಿರುವ ಎಸ್‌ಕೆಐ ಎಂಬ ಜೀನ್‌ನ ದೋಷ ಕಾರಣವೆಂದು 2012ರಲ್ಲಿ ಗೊತ್ತಾಯಿತು. ಟಿಜಿಎಫ್-ಬೀಟಾ ಎಂಬ ಬೆಳವಣಿಗೆಯ ಸಂಕೇತಕ್ಕೆ ಕಡಿವಾಣ ಹಾಕುವುದು ಆ ಜೀನ್‌ನ ಕೆಲಸ. ಅದು ಕೆಟ್ಟರೆ ಎಲುಬು, ಕೀಲು, ರಕ್ತನಾಳಗಳನ್ನು ಹಿಡಿದಿಡುವ ಸಂಯೋಜಕ ಅಂಗಾಂಶವೆಲ್ಲ ಏರುಪೇರಾಗುತ್ತದೆ. ಇದೇ ಅಂಗಾಂಶವನ್ನು ಕಾಡುವ ಮಾರ್ಫನ್ ಮತ್ತು ಲೋಯಿಸ್-ಡೀಟ್ಜ್ ಸಿಂಡ್ರೋಮ್‌ಗಳೂ ಹೀಗೆಯೇ ಕಾಣುತ್ತವೆಯಾದರೂ ಶ್ಪ್ರಿಂಟ್‌ಜೆನ್-ಗೋಲ್ಡ್‌ಬರ್ಗ್‌ನಲ್ಲಿ ಕಲಿಕೆ, ಮಾತು, ನಡಿಗೆ ಸಾಮಾನ್ಯವಾಗಿ ತಡವಾಗುತ್ತವೆ. ಖಚಿತ ಉತ್ತರ ಸಿಗುವುದು ಜೀನ್ ಪರೀಕ್ಷೆಯಿಂದಲೇ.

ಬುರುಡೆಯ ಶಸ್ತ್ರಚಿಕಿತ್ಸೆ ಬೇಕಾದಲ್ಲಿ ಅದನ್ನು ಹೆಚ್ಚಾಗಿ ಮೊದಲ ವರ್ಷದೊಳಗೇ ಮಾಡುತ್ತಾರೆ. ಅದಕ್ಕೂ ಮುನ್ನ ಹೃದಯದ ಎಕೋ (ಶಬ್ದತರಂಗದ ಸ್ಕ್ಯಾನ್), ಕತ್ತಿನ ಎಕ್ಸ್-ರೇ ಆಗಿರಲೇಬೇಕು ಎಂಬುದು ನನ್ನ ಹಟ. ಕತ್ತಿನ ಮೇಲ್ಭಾಗದ ಮಣಿಗಳು ಅಸ್ಥಿರವಾಗಿದ್ದರೆ ಅರಿವಳಿಕೆ ಕೊಡುವಾಗ ಕತ್ತನ್ನು ಹಿಂದಕ್ಕೆ ಬಾಗಿಸುವುದೇ ಅಪಾಯ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಬುಡ ಹಿಗ್ಗುವುದು ಲೋಯಿಸ್-ಡೀಟ್ಜ್‌ನಲ್ಲಿರುವಷ್ಟು ಸಾಮಾನ್ಯವಲ್ಲವಾದರೂ ಎಕೋವನ್ನು ಮುಂದೆಯೂ ನಿಯಮಿತವಾಗಿ ಮಾಡಿಸುತ್ತಿರಬೇಕು.

ನಮ್ಮ ಕಡೆ ಸೋದರಮಾವನಿಗೆ ಕೊಟ್ಟ ಮನೆಯಲ್ಲಿ ಇಂಥ ಕೂಸು ಹುಟ್ಟಿದರೆ ತಪ್ಪೆಲ್ಲ ಆ ಮದುವೆಯ ಮೇಲೆ ಬೀಳುತ್ತದೆ, ಇಲ್ಲವೇ ಬಸುರಿ ಗ್ರಹಣ ನೋಡಿದಳೆಂದು ತಾಯಿಯ ಮೇಲೆ. ರಕ್ತಸಂಬಂಧದ ಮದುವೆಯಿಂದ ಬೇರೆ ಕಾಯಿಲೆಗಳು ಬರುವುದು ನಿಜ. ಆದರೆ ಈ ಜೀನ್‌ನ ಎರಡು ಪ್ರತಿಗಳಲ್ಲಿ ಒಂದೇ ಕೆಟ್ಟರೂ ಸಾಕು, ಆ ದೋಷ ಬಹುತೇಕ ಮಗುವಿನಲ್ಲಿಯೇ ಹೊಸದಾಗಿ ಹುಟ್ಟಿದ್ದಾಗಿರುತ್ತದೆ. ತಂದೆತಾಯಿಗಳಲ್ಲಿ ದೋಷ ಕಾಣದಿದ್ದರೆ ಮುಂದಿನ ಕೂಸಿಗೆ ಬರುವ ಸಾಧ್ಯತೆ ತೀರ ಕಡಿಮೆ. ಮೊದಲ ಮಗುವಿನ ಜೀನ್ ವರದಿ ಕೈಯಲ್ಲಿದ್ದರೆ ಮುಂದಿನ ಬಸುರಿನಲ್ಲಿ ಅದನ್ನು ಪರೀಕ್ಷಿಸಿಯೂ ನೋಡಬಹುದು.