ಕೈ ಸೋಲೋದು ಭಾರಕ್ಕೋ, ವೇಗಕ್ಕೋ?

ತೋಳನ್ನು ಭುಜದ ಎತ್ತರಕ್ಕೆ ಚಾಚಿ, ಎದುರಿನ ಗೋಡೆಯ ಒಂದು ಚುಕ್ಕೆಯನ್ನು ಸೆಕೆಂಡಿಗೊಮ್ಮೆ ಮುಟ್ಟುತ್ತಾ ಹೋಗಿ. ಕೈಯಲ್ಲಿ ಭಾರವೇನೂ ಇಲ್ಲ, ಆದರೂ ಸ್ವಲ್ಪ ಹೊತ್ತಿಗೇ ಭುಜ ಉರಿಯುತ್ತದೆ.

ಹಗುರದ ಕೆಲಸವೂ ಕೈ ಕೆಡಿಸುತ್ತದೆ ಅಂತ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝಿನಿ 1713ರಲ್ಲೇ ಬರೆದಿದ್ದರು. ದಿನವಿಡೀ ಲೆಕ್ಕ ಬರೆಯುವ ಗುಮಾಸ್ತರನ್ನು ನೋಡಿ ಅವರು ಕೊಟ್ಟ ಕಾರಣ ಮೂರು: ಕೂತೇ ಇರೋದು, ಕೈ ಒಂದೇ ರೀತಿ ಆಡೋದು, ತಪ್ಪಾದೀತೆಂಬ ಒತ್ತಡ. ವೇಗದ ಲೆಕ್ಕ ಮಾತ್ರ ಬಾಕಿಯಿತ್ತು.

ಅದನ್ನು ಹಿಡಿದದ್ದು 1880ರ ದಶಕದಲ್ಲಿ ಟ್ಯೂರಿನ್‌ನ ಶರೀರಶಾಸ್ತ್ರಜ್ಞ ಆಂಜೆಲೊ ಮೊಸ್ಸೊ ಕಟ್ಟಿದ ಎರ್ಗೋಗ್ರಾಫ್, ಅಂದರೆ ಸ್ನಾಯುವಿನ ಕೆಲಸವನ್ನು ಗೆರೆಯಾಗಿ ಬರೆಯುವ ಯಂತ್ರ. ಕೈಯನ್ನು ಅಲ್ಲಾಡದಂತೆ ಬಿಗಿದು, ನಡುಬೆರಳಿಗೆ ದಾರ ಹಾಕಿ, ದಾರದ ತುದಿಗೆ ತೂಕ ನೇತುಹಾಕುತ್ತಿದ್ದರು. ತಾಳಕ್ಕೆ ಸರಿಯಾಗಿ ಬೆರಳು ಮಡಚಬೇಕು, ಪ್ರತಿ ಎಳೆತಕ್ಕೂ ಕಾಗದದ ಮೇಲೆ ಒಂದು ಗೆರೆ ಬೀಳುತ್ತದೆ. ಎರಡು ಸೆಕೆಂಡಿಗೊಮ್ಮೆ ಎಳೆದರೆ ಗೆರೆಗಳು ಕುಳ್ಳಗಾಗುತ್ತಾ ಹೋಗಿ ಕೊನೆಗೆ ಬೆರಳು ಮಿಸುಕುವುದೇ ಇಲ್ಲ. ಅದೇ ಬೆರಳಿಗೆ ಅದೇ ತೂಕ ಕೊಟ್ಟು, ಎಳೆತಗಳ ನಡುವೆ 10 ಸೆಕೆಂಡ್ ಬಿಟ್ಟರೆ? ಸುಸ್ತೇ ಕಾಣಲಿಲ್ಲ!

ಸ್ನಾಯು ಬಿಗಿಯಾದಾಗ ತನ್ನೊಳಗಿನ ರಕ್ತನಾಳಗಳನ್ನು ತಾನೇ ಅದುಮುತ್ತದೆ, ಸಡಿಲಾದಾಗಲೇ ರಕ್ತ ಸರಾಗವಾಗಿ ಹರಿಯೋದು. ವೇಗ ಏರಿದಾಗ ಮೊದಲು ಕಳೆದುಹೋಗೋದು ಈ ಸಡಿಲವೇ. ಕೆಲಸಗಾರರನ್ನು ಓಡಿಸಿದವರೆಂದು ಬೈಸಿಕೊಂಡ ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ ಕೂಡ, ಸುಮಾರು 42 ಕೆಜಿಯ ಕಬ್ಬಿಣದ ಗಟ್ಟಿ ಹೊರುವವರ ಮೇಲೆ ದಿನದ 43% ಹೊತ್ತು ಮಾತ್ರ ಭಾರ ಇರಬೇಕು ಅಂದಿದ್ದರು. ಆಮೇಲೆ 1913ರಲ್ಲಿ ಫೋರ್ಡ್ ಕಾರ್ಖಾನೆಯಲ್ಲಿ ಕಾರು ಜೋಡಿಸುವ, ತಾನೇ ಚಲಿಸುವ ಸಾಲು ಬಂತು. ಕೈ ಒದರಿಕೊಳ್ಳಲು ಒಂದು ಕ್ಷಣ ಕದಿಯೋದೂ ಕಷ್ಟವಾಯಿತು, ಯಾಕಂದರೆ ತಾಳ ಹಾಕುತ್ತಿದ್ದದ್ದು ಸಾಲು.

ನನಗೆ ಎಲ್ಲಕ್ಕಿಂತ ಇಷ್ಟವಾಗೋದು 1920ರ ದಶಕದ ಮಾಸ್ಕೋದ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್ ಕೆಲಸ. ಉಳಿಗೆ ಸುತ್ತಿಗೆ ಹೊಡೆಯುವವರ ಕೈಗೆ ಪುಟ್ಟ ಬಲ್ಬು ಕಟ್ಟಿ, ಕೈ ಹಿಡಿದ ದಾರಿ ಬೆಳಕಿನ ಗೆರೆಯಾಗಿ ಕಾಣುವಂತೆ ಫೋಟೊ ತೆಗೆದರು. ಪಳಗಿದ ಕೈ ಅಂದರೆ ಯಂತ್ರದ ಹಾಗೆ ಅಚ್ಚುಕಟ್ಟು ಅಂದುಕೊಳ್ತೀವಿ, ಅಲ್ವಾ? ಸುತ್ತಿಗೆ ಬೀಳೋದೇನೋ ಅದೇ ಜಾಗಕ್ಕೆ, ಆದರೆ ಭುಜ, ಮೊಣಕೈ, ಮಣಿಕಟ್ಟು ಪ್ರತಿ ಸಲ ಸ್ವಲ್ಪ ಬೇರೆ ದಾರಿ ಹಿಡಿದಿದ್ದವು. ಈ ಏರುಪೇರು ಸುಮ್ನೆ ಅಲ್ಲ, ಭಾರ ಹಂಚಿಕೊಳ್ಳುವ ಉಪಾಯವೂ ಹೌದು ಅನ್ನೋದು ಈಗಿನ ಸಂಶೋಧಕರ ಅಂದಾಜು. ಮೇಲಿನ ಚುಕ್ಕೆಯ ಆಟದಲ್ಲೂ ನೋಡಿ: ಸುಸ್ತಾದ ಮೇಲೂ ಬೆರಳು ಗುರಿ ಮುಟ್ಟುತ್ತದೆ, ಆದರೆ ಭುಜ ಕಿವಿಯ ಕಡೆ ಏರಿ, ಮೈ ಇನ್ನೊಂದು ಪಕ್ಕಕ್ಕೆ ವಾಲಿರುತ್ತದೆ.

ಹಾಗಂತ ವೇಗ ಏರಿದಷ್ಟೂ ಸುಸ್ತು ಅನ್ನೋ ನೇರ ಲೆಕ್ಕ ಪ್ರಯೋಗಾಲಯದಲ್ಲಿ ಪ್ರತಿ ಸಲವೂ ಸಿಗುತ್ತದೆ ಅಂತಿಲ್ಲ. ಕೆಲವು ಸಲ ಸ್ನಾಯುವಿನ ಸುಸ್ತಿನ ಅಳತೆ ಹಾಗೇ ಇದ್ದು, ತಪ್ಪುಗಳು ಮಾತ್ರ ಜಾಸ್ತಿಯಾಗುತ್ತವೆ. ಈಗ ಕೈಕೆಲಸವನ್ನು ತೂಗುವ 0ಯಿಂದ 10ರ ಒಂದು ಅಳತೆಯಲ್ಲಿ ವೇಗದ ಜೊತೆ ಬಿಡುವನ್ನೂ ನೋಡುತ್ತಾರೆ. 0 ಅಂದರೆ ಕೈ ಹೆಚ್ಚಿನ ಹೊತ್ತು ಖಾಲಿ. 10 ಅಂದರೆ ಎಡೆಬಿಡದ ಕೆಲಸ, ಕೈ ಓಡಿದರೂ ಸಾಲದು.