ಅಫಿಂಗ್ಟನ್ನಿನ ಹಳೆಯ ಫೋಟೊಗಳು ಯಾವ ಕೌಂಟಿಯವು?

ಇಂಗ್ಲೆಂಡಿನ ಅಫಿಂಗ್ಟನ್ ಹಳ್ಳಿಯ ಹಳೇ ಪೋಸ್ಟ್‌ಕಾರ್ಡುಗಳಲ್ಲಿ ಊರ ಹೆಸರಿನ ಪಕ್ಕ ‘ಬರ್ಕ್ಸ್’ ಎಂದಿರುತ್ತದೆ, ಅಂದರೆ ಬರ್ಕ್‌ಷೈರ್ ಕೌಂಟಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಪ್ರದೇಶ). ಇವತ್ತಿನ ನಕ್ಷೆಯಲ್ಲಿ ಅದೇ ಊರು ಆಕ್ಸ್‌ಫರ್ಡ್‌ಷೈರಿನಲ್ಲಿದೆ. ಎರಡೂ ಸರಿಯೇ. ಆದರೂ ಈ ಊರಿನ ಹಳೆಯ ಫೋಟೊ ಹುಡುಕುವವರೂ, ಸಿಕ್ಕ ಫೋಟೊಗೆ ವಿವರ ಬರೆಯುವವರೂ ಐವತ್ತು ವರ್ಷಗಳಿಂದ ಇಲ್ಲೇ ಎಡವುತ್ತಿದ್ದಾರೆ.

1972ರ ಸ್ಥಳೀಯ ಸರ್ಕಾರ ಕಾಯ್ದೆ 1974ರ ಏಪ್ರಿಲ್ 1ರಂದು ಜಾರಿಗೆ ಬಂತು. ಅಬಿಂಗ್ಡನ್, ವಾಂಟೇಜ್, ಫ್ಯಾರಿಂಗ್ಡನ್, ವಾಲಿಂಗ್‌ಫರ್ಡ್ ಪಟ್ಟಣಗಳು ಸುತ್ತಲ ಹಳ್ಳಿಗಳ ಸಮೇತ ಬರ್ಕ್‌ಷೈರಿನಿಂದ ಆಕ್ಸ್‌ಫರ್ಡ್‌ಷೈರಿಗೆ ಹೋದವು. ಅಫಿಂಗ್ಟನ್ ಗುಡ್ಡದ ಮೇಲೆ ಸೀಮೆಸುಣ್ಣದ ನೆಲದಲ್ಲಿ ಕೊರೆದ, ಸುಮಾರು 110 ಮೀಟರ್ ಉದ್ದದ, ಮೂರು ಸಾವಿರ ವರ್ಷ ಹಳೆಯ ಬಿಳಿ ಕುದುರೆಯೂ ಹೋಯಿತು. ಬರ್ಕ್‌ಷೈರಿಗೆ ಬದಲಿಗೆ ಬಂದದ್ದು ಬಕಿಂಗ್‌ಹ್ಯಾಂಷೈರಿನ ಸ್ಲೌ. ಈ ಕೊಡು-ಕೊಳ್ಳುವಿಕೆಯಲ್ಲಿ ಯಾರಿಗೆ ಲಾಭ ಎಂದು ಹಳಬರನ್ನು ಕೇಳದಿರುವುದೇ ಕ್ಷೇಮ. 1998ರಲ್ಲಿ ಬರ್ಕ್‌ಷೈರ್ ಕೌಂಟಿ ಕೌನ್ಸಿಲ್ಲೇ ರದ್ದಾಗಿ ಅಧಿಕಾರ ಆರು ಸ್ಥಳೀಯ ಸಂಸ್ಥೆಗಳಿಗೆ ಹಂಚಿಹೋಯಿತು.

ಶಾಲೆ, ರಸ್ತೆ, ಲೈಬ್ರರಿ ಹೊಸ ಕೌಂಟಿಯ ಪಾಲಾದವು. ಕಾಗದಪತ್ರಗಳೆಲ್ಲ ಅವುಗಳ ಬೆನ್ನು ಹಿಡಿದು ಹೋಗಲಿಲ್ಲ. ಹಳೇ ಬರ್ಕ್‌ಷೈರಿನ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ರಿಜಿಸ್ಟರುಗಳು ಈಗಲೂ ರೆಡಿಂಗ್ ನಗರದ ದಾಖಲೆಗಾರದಲ್ಲಿವೆ. ಫೋಟೊ ಬೇಕೆಂದರೆ ಆಕ್ಸ್‌ಫರ್ಡಿನ ಕೌಲಿಯಲ್ಲಿರುವ ಆಕ್ಸ್‌ಫರ್ಡ್‌ಷೈರ್ ಹಿಸ್ಟರಿ ಸೆಂಟರ್ ನೋಡಬೇಕು; ಕಟ್ಟಡಗಳ ಚಿತ್ರಕ್ಕೆ ಸ್ವಿಂಡನ್ನಿನ ಹಿಸ್ಟಾರಿಕ್ ಇಂಗ್ಲೆಂಡ್ ಸಂಗ್ರಹ. ಮುಖ ಒಂದು ಊರಿನಲ್ಲಿ, ಆ ಮುಖದ ಹೆಸರು ಇನ್ನೊಂದು ಊರಿನಲ್ಲಿ.

ಆದರೆ ಕಾಯ್ದೆಯನ್ನಷ್ಟೇ ದೂರಿದರೆ ಅರ್ಧ ಕಥೆ ಹೇಳಿದಂತೆ. ಚಿತ್ರದ ಜೊತೆಗಿದ್ದ ಬರಹ ಕಳಚಿಕೊಳ್ಳುವುದು ಅದಕ್ಕೂ ಎಷ್ಟೋ ಮೊದಲೇ ಶುರುವಾಗಿತ್ತು.

1835ರಲ್ಲಿ ಛಾಯಾಗ್ರಹಣದ ಆದ್ಯರಲ್ಲೊಬ್ಬನಾದ ಟಾಲ್ಬಟ್ ವಿಲ್ಟ್‌ಷೈರಿನ ಲೇಕಾಕ್‌ನಲ್ಲಿ ತನ್ನ ಮನೆಯ ಕಿಟಕಿಯ ನೆಗೆಟಿವ್ ತೆಗೆದದ್ದರಿಂದ ಹಿಡಿದು 1870ರ ದಶಕದ ಕೊನೆಗೆ ಗಾಜಿನ ಡ್ರೈ ಪ್ಲೇಟುಗಳು (ಮೊದಲೇ ರಾಸಾಯನಿಕ ಲೇಪಿಸಿ ಒಣಗಿಸಿದ ನೆಗೆಟಿವ್ ಗಾಜು) ಅಂಗಡಿಯಲ್ಲಿ ಸಿಗುವವರೆಗೆ ಹಳ್ಳಿಯ ಚಿತ್ರಗಳು ಕಡಿಮೆ. ಆಮೇಲೆ ಕೌಂಟಿಯ ಊರುಗಳನ್ನೆಲ್ಲ ಫೋಟೊದಲ್ಲಿ ದಾಖಲಿಸುವ ಸಮೀಕ್ಷೆಗಳ ಕಾಲ ಬಂತು. 1897ರಲ್ಲಿ ಹವ್ಯಾಸಿ ಛಾಯಾಗ್ರಾಹಕ ಬೆಂಜಮಿನ್ ಸ್ಟೋನ್ ಇದಕ್ಕಾಗಿ ರಾಷ್ಟ್ರೀಯ ಮಟ್ಟದ ಸಂಘವನ್ನೇ ಕಟ್ಟಿದರು. ಅವರ ಆಸೆ ಸರಳ: ಹಳ್ಳಿಯ ಚರ್ಚು, ಹಬ್ಬ, ಪದ್ಧತಿ ಅಳಿಯುವ ಮೊದಲು ಬಣ್ಣ ಮಾಸದ ಪ್ರಿಂಟಿನಲ್ಲಿ ಉಳಿಯಬೇಕು. ಇದೇ ಕಾಲದಲ್ಲಿ ಆಕ್ಸ್‌ಫರ್ಡಿನ ಛಾಯಾಗ್ರಾಹಕ ಹೆನ್ರಿ ಟಾಂಟ್ ಥೇಮ್ಸ್ ಕಣಿವೆಯ ಊರುಗಳನ್ನು ಸುತ್ತಿ ಸಾವಿರಾರು ಪ್ಲೇಟು ತೆಗೆದರು. ಟಾಂಟ್ 1922ರಲ್ಲಿ ತೀರಿಕೊಂಡರು. ಆ ಪೀಳಿಗೆಯ ಸ್ಟುಡಿಯೊಗಳು ಮುಚ್ಚಿದಾಗ ಎಷ್ಟೋ ಕಡೆ ಗಾಜಿನ ನೆಗೆಟಿವ್‌ಗಳ ಮೇಲಿನ ಚಿತ್ರವನ್ನು ಕೆರೆದು ತೆಗೆದು ತೋಟದ ಗಾಜಿನ ಮನೆಗಳಿಗೆ ಹಾಕಿದರು. ಪ್ಲೇಟು ಉಳಿದ ಕಡೆಯೂ ಎಷ್ಟೋ ಸಲ ಅದರ ವಿವರವಿದ್ದ ಪಟ್ಟಿ ಉಳಿಯಲಿಲ್ಲ.

ನಿಜವಾಗಿ ಹಳ್ಳಿ ಹಳ್ಳಿಯನ್ನೂ ಹಿಡಿದಿಟ್ಟದ್ದು ಪೋಸ್ಟ್‌ಕಾರ್ಡು. 1894ರಲ್ಲಿ ಖಾಸಗಿ ಕಾರ್ಡಿಗೆ ಅನುಮತಿ ಸಿಕ್ಕಿತು. ಆಗ ಹಿಂಬದಿಯಲ್ಲಿ ವಿಳಾಸ ಮಾತ್ರ ಬರೆಯಬಹುದಿತ್ತು, ಸುದ್ದಿಯನ್ನು ಚಿತ್ರದ ಅಂಚಿನಲ್ಲೇ ತುರುಕಬೇಕಿತ್ತು. 1902ರಲ್ಲಿ ಹಿಂಬದಿಗೆ ನಡುವೆ ಗೆರೆ ಬಂತು: ಎಡಕ್ಕೆ ಸುದ್ದಿ, ಬಲಕ್ಕೆ ವಿಳಾಸ. ಗೆರೆಯಿದ್ದರೆ ಕಾರ್ಡು 1902ರ ಈಚಿನದು. ಅಂಚೆ ದರ 1918ರ ಜೂನ್‌ವರೆಗೆ ಅರ್ಧ ಪೆನ್ನಿ, ಆಮೇಲೆ ಒಂದು ಪೆನ್ನಿ. ಅರ್ಧ ಪೆನ್ನಿಯ ಹಸಿರು ಅಂಚೆಚೀಟಿಯಲ್ಲಿ ಏಳನೇ ಎಡ್ವರ್ಡನ ತಲೆಯಿದ್ದರೆ 1902ಕ್ಕಿಂತ ಹಿಂದೆ ಹೋಗಲಾಗದು. ಐದನೇ ಜಾರ್ಜನ ತಲೆಯಿದ್ದರೆ 1911ರಿಂದೀಚೆ.

ಹೆಚ್ಚಿನವರು ಮೋಸಹೋಗುವುದು ಅಂಚೆ ಮುದ್ರೆಯಲ್ಲಿ. ಮುದ್ರೆ ಹೇಳುವುದು ಕಾರ್ಡು ಹಾಕಿದ ದಿನವನ್ನು, ಚಿತ್ರ ತೆಗೆದ ದಿನವನ್ನಲ್ಲ. ಪ್ರಕಾಶಕರು ಒಂದೇ ನೆಗೆಟಿವ್ ಅನ್ನು ಹತ್ತು ಹದಿನೈದು ವರ್ಷ ಬಳಸುತ್ತಿದ್ದರು, ನಡುವೆ ಬಂದ ತಂತಿ ಕಂಬಗಳನ್ನು ಅಳಿಸುತ್ತಿದ್ದರು, ಖಾಲಿ ಆಕಾಶಕ್ಕೆ ಮೋಡ ಸೇರಿಸುತ್ತಿದ್ದರು. ಪೋಸ್ಟ್‌ಕಾರ್ಡು ಪ್ರಕಾಶಕರಾದ ಫ್ರಿತ್ ಕಂಪನಿಯ ಕಾರ್ಡಾದರೆ ಕೆಳಗಿನ ನಂಬರು ನೆಗೆಟಿವ್‌ನದು, ಮುದ್ರೆಗಿಂತ ಅದೇ ಭರವಸೆಯದು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಸಾಲು ಚುಕ್ಕಿ ಕಂಡರೆ ಅದು ಅಚ್ಚಿನ ಕಾರ್ಡು, ಕಾಣದಿದ್ದರೆ ನಿಜವಾದ ಫೋಟೊ ಪ್ರಿಂಟ್ ಇರಬಹುದು. ಪ್ರಿಂಟಾದರೆ ದೊಡ್ಡದು ಮಾಡಿದಷ್ಟೂ ಅಂಗಡಿಯ ಬೋರ್ಡಿನ ಅಕ್ಷರ ಸಿಗುತ್ತದೆ, ಅಂಗಡಿಯವನ ಹೆಸರನ್ನು ಊರೂರಿನ ವ್ಯಾಪಾರಿಗಳ ಪಟ್ಟಿಯಿರುವ ಕೆಲೀಸ್ ಡೈರೆಕ್ಟರಿಯಲ್ಲಿ ಹುಡುಕಬಹುದು.

ಚಿತ್ರದೊಳಗೂ ಗುರುತುಗಳಿವೆ. ರಸ್ತೆಬದಿಯಲ್ಲಿ ಎತ್ತರದ ಎಲ್ಮ್ ಮರಗಳಿದ್ದರೆ ಅದು ಡಚ್ ಎಲ್ಮ್ ರೋಗ ಅವನ್ನು ನುಂಗಿದ 1970ರ ದಶಕಕ್ಕಿಂತ ಹಿಂದಿನದು. ಸ್ಟೇಷನ್ನಿನಲ್ಲಿ ಪ್ರಯಾಣಿಕರಿದ್ದರೆ ಅದು ಮುಚ್ಚಿದ 1964ರ ಡಿಸೆಂಬರಿಗಿಂತ ಮೊದಲು. ಗುಡ್ಡದ ಮೇಲಿಂದ ದೂರದಲ್ಲಿ ಡಿಡ್‌ಕಾಟ್ ವಿದ್ಯುತ್ ಸ್ಥಾವರದ ಆರು ಕೂಲಿಂಗ್ ಟವರ್ ಕಂಡರೆ 2014ರ ಜುಲೈಗಿಂತ ಮೊದಲು, ಮೂರೇ ಕಂಡರೆ 2019ರ ಆಗಸ್ಟ್‌ವರೆಗೆ. ಕುದುರೆಯೇ ಕಾಣದಿದ್ದರೆ ಗುಡ್ಡ ತಪ್ಪಿತೆಂದು ಎಸೆಯಬೇಡಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳಿಗೆ ಗುರುತು ಸಿಗಬಾರದೆಂದು ಅದನ್ನು ಹುಲ್ಲು ಹೆಂಟೆ, ಬೇಲಿಯ ಕಡ್ಡಿಗಳಿಂದ ಮುಚ್ಚಿದ್ದರು. ಎಡ-ಬಲ ತಿರುವಿದ ಪ್ರಿಂಟುಗಳೂ ಸಾಕಷ್ಟಿವೆ. ಗಂಡಸರ ಕೋಟಿನಲ್ಲಿ ಎಡಬದಿ ಮೇಲೆ ಬರಬೇಕು. ಬಲಬದಿ ಮೇಲಿದ್ದರೆ ನೆಗೆಟಿವ್ ಅನ್ನು ಮಗುಚಿ ಹಾಕಿದ್ದಾರೆ.

ಹೆಸರುಗಳದ್ದು ಬೇರೆಯೇ ಪಾಡು. 1965ರಲ್ಲಿ ಹಳ್ಳಿ ಹೆಂಗಸರ ಸಂಘಟನೆಯಾದ ವಿಮೆನ್ಸ್ ಇನ್‌ಸ್ಟಿಟ್ಯೂಟ್ ಐವತ್ತು ತುಂಬಿದ ನೆನಪಿಗೆ ದೇಶದ ಊರೂರಲ್ಲಿ ಸ್ಕ್ರ್ಯಾಪ್‌ಬುಕ್ ಮಾಡಿಸಿತು. ಮುಖಕ್ಕೆ ಹೆಸರು ಹೇಳಬಲ್ಲ ವೃದ್ಧರು ಆಗ ಬದುಕಿದ್ದರು, ಹಾಗಾಗಿ ಆ ಪುಸ್ತಕಗಳಿಗೆ ಬೆಲೆ ಕಟ್ಟಲಾಗದು. ಅಂಟಿನಿಂದ ಮೆತ್ತಿದ್ದರಿಂದ ಫೋಟೊ ಹಿಂದಿನ ಹಳೇ ಬರಹ ಶಾಶ್ವತವಾಗಿ ಮುಚ್ಚಿಹೋದದ್ದೂ ಅವುಗಳಲ್ಲೇ. ನೆನಪೂ ಜಾರುತ್ತದೆ. ಬೀದಿಯಲ್ಲಿ ಬಾವುಟದ ತೋರಣ ಕಂಡರೆ ಎಲ್ಲರೂ 1953ರ ಪಟ್ಟಾಭಿಷೇಕ ಎನ್ನುತ್ತಾರೆ. ಅದು 1935ರ ಜ್ಯುಬಿಲಿಯೋ 1937ರ ಪಟ್ಟಾಭಿಷೇಕವೋ ಆಗಿರಬಹುದು. ಜನಗಣತಿಯಿಂದ ತಾಳೆ ನೋಡೋಣವೆಂದರೆ 1931ರದ್ದು ಬೆಂಕಿಗೆ ಆಹುತಿಯಾಗಿದೆ, 1941ರಲ್ಲಿ ಗಣತಿಯೇ ನಡೆಯಲಿಲ್ಲ. 1921ರ ಗಣತಿ ಮತ್ತು ಯುದ್ಧ ಶುರುವಾದಾಗ ದೇಶದ ಜನರ ಹೆಸರು ಬರೆದುಕೊಂಡ 1939ರ ರಿಜಿಸ್ಟರ್, ಇವೆರಡರ ನಡುವೆ ಮಕ್ಕಳ ವಯಸ್ಸು ಲೆಕ್ಕ ಹಾಕಬೇಕು.

ಆಮೇಲೆ ಸ್ಕ್ಯಾನಿಂಗ್ ಬಂತು. ಎಲ್ಲರಿಗೂ ಚಿತ್ರ ಸಿಗುವಂತಾಯಿತು, ಅದು ದೊಡ್ಡ ಉಪಕಾರವೇ. ಆದರೆ ಅವಸರದಲ್ಲಿ ಮುಂಬದಿಯನ್ನಷ್ಟೇ ಸ್ಕ್ಯಾನ್ ಮಾಡಿದರು. ಪಟ್ಟಿಯ ‘ಬರ್ಕ್ಸ್’ ತಿದ್ದಿ ‘ಆಕ್ಸ್‌ಫರ್ಡ್‌ಷೈರ್’ ಎಂದು ಹಾಕಿದರು. ತಿದ್ದಿದ್ದು ಸದುದ್ದೇಶದಿಂದಲೇ. ಫಲವಾಗಿ ಬರ್ಕ್‌ಷೈರ್ ಎಂದು ಹುಡುಕಿದವರಿಗೆ ಏನೂ ಸಿಗುವುದಿಲ್ಲ. ಮೂಲ ಬರಹದ ಮೇಲೆ ತಿದ್ದುವ ಹಕ್ಕು ಪಟ್ಟಿ ಮಾಡುವವರಿಗಿಲ್ಲ ಎಂಬ ನಿಯಮ ಎಲ್ಲಾ ಕಡೆ ಇರಬೇಕಿತ್ತು.

ಈಗಲಾದರೂ ಮಾಡಬಹುದಾದ ಕ್ರಮ ಇದು. ಎರಡೂ ಬದಿಯನ್ನು ಕನಿಷ್ಠ 600 ಪಿಪಿಐನಲ್ಲಿ (ಇಂಚಿಗೆ ಇಷ್ಟು ಚುಕ್ಕಿ ಎಂಬ ಲೆಕ್ಕ), ವಿವರ ಕಳೆಯದ ಟಿಫ್ ಕಡತವಾಗಿ ಸ್ಕ್ಯಾನ್ ಮಾಡಿ. ಹಿಂಬದಿಯ ಬರಹವನ್ನು ಕಾಗುಣಿತ ತಪ್ಪಿನ ಸಮೇತ ಇದ್ದಂತೆಯೇ ನಕಲಿಸಿ, ನಿಮ್ಮ ಊಹೆಯನ್ನು ಬೇರೆ ಅಂಕಣದಲ್ಲಿ ಬರೆಯಿರಿ. ಕೌಂಟಿಗೆ ಎರಡು ಅಂಕಣ ಇಡಿ: ಚಿತ್ರ ತೆಗೆದಾಗಿನದು, ಈಗಿನದು. ಗಡಿ ಬದಲಾದರೂ ಬದಲಾಗದ, ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಗ್ರಿಡ್ ಸಂಖ್ಯೆಯನ್ನು ಜೊತೆಗೆ ಸೇರಿಸಿ. ಈ ಹಳ್ಳಿಗೆ ಅದು ಎಸ್‌ಯು 30 89. ಪ್ರಿಂಟಿನ ಹಿಂದೆ ಬರೆಯಲೇಬೇಕಾದರೆ 2ಬಿ ಪೆನ್ಸಿಲ್ಲಿನಲ್ಲಿ, ಅಂಚಿನಲ್ಲಿ, ಒತ್ತದೆ ಬರೆಯಿರಿ; ಬಾಲ್‌ಪೆನ್ನಿನ ಗೆರೆ ಮುಂಬದಿಗೆ ಉಬ್ಬಿಕೊಳ್ಳುತ್ತದೆ. ಗಾಜಿನ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಕೆಳಗಿನವು ಭಾರಕ್ಕೆ ಬಿರುಕು ಬಿಡುತ್ತವೆ. ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ ಉದ್ದದ ಅಂಚಿನ ಮೇಲೆ ನಿಲ್ಲಿಸಿ.

ಮೂರನೇ ಅಂಕಣಕ್ಕೂ ಜಾಗ ಬಿಟ್ಟಿರಿ. 2025ರಲ್ಲಿ ಅಫಿಂಗ್ಟನ್ ಸೇರಿರುವ ವೇಲ್ ಆಫ್ ವೈಟ್ ಹಾರ್ಸ್, ಸೌತ್ ಆಕ್ಸ್‌ಫರ್ಡ್‌ಷೈರ್, ವೆಸ್ಟ್ ಬರ್ಕ್‌ಷೈರ್ ಕೌನ್ಸಿಲ್‌ಗಳು ಸೇರಿ ‘ರಿಜ್‌ವೇ’ ಎಂಬ ಒಂದೇ ಕೌನ್ಸಿಲ್ ಆಗುವ ಪ್ರಸ್ತಾವ ಮುಂದಿಟ್ಟವು.