ಒಂದು ಗುಟುಕು ಕಾಫಿಗೆ 87 ವರ್ಷ

2011ರ ಏಪ್ರಿಲ್. ಅಮೆರಿಕದ ಕ್ಯಾಥಿ ಹಚಿನ್ಸನ್ ಎಂಬ ಮಹಿಳೆಯ ಮುಂದೆ ಮೇಜಿನ ಮೇಲೆ ಒಂದು ಕಾಫಿ ಬಾಟಲಿ, ಅದಕ್ಕೊಂದು ಸ್ಟ್ರಾ. ಪಕ್ಕದಲ್ಲಿ ಒಂದು ರೋಬೋಟ್ ತೋಳು. ಸುಮಾರು 15 ವರ್ಷಗಳ ಹಿಂದೆ ಸ್ಟ್ರೋಕ್ ಆಗಿ ಅವರ ಕೈಕಾಲಿನ ಜೊತೆ ಮಾತೂ ನಿಂತುಹೋಗಿತ್ತು. ಅಂದು ಅವರು ಬಾಟಲಿಯನ್ನೇ ನೋಡುತ್ತಾ, ಅಲ್ಲಾಡದ ತಮ್ಮ ಕೈಯನ್ನು ಮನಸ್ಸಿನಲ್ಲೇ ಚಾಚಿದರು. ಅವರ ಮೆದುಳಿನ ಸಂಕೇತ ಹಿಡಿದು ರೋಬೋಟ್ ತೋಳು ಮುಂದೆ ಹೋಯಿತು. ಬಾಟಲಿ ಹಿಡಿದು, ಮೆಲ್ಲಗೆ ಬಾಯಿಯ ಹತ್ತಿರ ತಂದು ಓರೆ ಮಾಡಿತು. ಅವರು ಹೀರಿದರು. ಬಾಟಲಿ ಮತ್ತೆ ಮೇಜಿಗೆ ಬಂದಾಗ ಅವರ ಮುಖದಲ್ಲಿ ಮೂಡಿದ ನಗುವನ್ನು ವಿಡಿಯೊದಲ್ಲಿ ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ.

ಆರು ಸಲ ಪ್ರಯತ್ನಿಸಿದ್ದರು, ನಾಲ್ಕು ಸಲ ಕುಡಿಯಲು ಆಯಿತು. ಇಷ್ಟೇನಾ ಅನ್ನಿಸಬಹುದು. ಆದರೆ ಈ ಒಂದು ಗುಟುಕಿನ ಹಿಂದೆ 87 ವರ್ಷದ ದಾರಿ ಇದೆ.

ಆ ದಾರಿ ಶುರುವಾಗುವುದು ಜರ್ಮನಿಯ ಯೇನಾ ಊರಿನಲ್ಲಿ. ಹ್ಯಾನ್ಸ್ ಬರ್ಗರ್ ಅಲ್ಲಿ ಮನೋವೈದ್ಯ. ಹುಡುಗನಾಗಿದ್ದಾಗ ಸೈನ್ಯದ ತರಬೇತಿಯಲ್ಲಿ ಕುದುರೆಯಿಂದ ಬಿದ್ದು, ಫಿರಂಗಿ ಗಾಡಿಯ ಚಕ್ರಕ್ಕೆ ಸಿಕ್ಕುವುದರಿಂದ ಕೂದಲೆಳೆಯಲ್ಲಿ ಪಾರಾಗಿದ್ದರು. ಅವತ್ತೇ ಊರಿನಿಂದ ತಂತಿ ಬಂತು. ತಮ್ಮನಿಗೆ ಏನೋ ಆಗಿದೆ ಎಂದು ಅಕ್ಕ ಮನೆಯಲ್ಲಿ ಹಟ ಹಿಡಿದಿದ್ದಳಂತೆ. ಒಂದು ತಲೆಯಿಂದ ಇನ್ನೊಂದು ತಲೆಗೆ ಏನಾದರೂ ಹೋಗುತ್ತದಾ? ಅದನ್ನು ಹುಡುಕುತ್ತಾ ಹೋದ ಬರ್ಗರ್‌ಗೆ ಅದು ಸಿಗಲಿಲ್ಲ, ಬೇರೆಯದೇ ಸಿಕ್ಕಿತು. 1924ರಲ್ಲಿ ಅವರು ಮನುಷ್ಯನ ಮೆದುಳಿನ ವಿದ್ಯುತ್ತನ್ನು ಮೊದಲ ಬಾರಿಗೆ ದಾಖಲಿಸಿದರು. ತಮ್ಮ ಮಗನ ತಲೆಯ ಮೇಲೂ ಪ್ರಯೋಗ ಮಾಡಿದರು. ನಂಬಿಕೆ ಬರಲು ಐದು ವರ್ಷ ಬೇಕಾಯಿತು, ಪ್ರಕಟಿಸಿದ್ದು 1929ರಲ್ಲಿ.

ಅದೇ ಇವತ್ತಿನ ಇಇಜಿ. ಫಿಟ್ಸ್ ಬಂದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವರಿಗೆ ಇದು ಗೊತ್ತು. 'ತಲೆಗೆ ಎಣ್ಣೆ ಹಚ್ಕೊಂಡು ಬರಬೇಡಿ, ಶಾಂಪೂ ಹಾಕಿ ತೊಳ್ಕೊಂಡು ಬನ್ನಿ' ಅನ್ನುತ್ತಾರೆ. ಕೂದಲು ಬಿಡಿಸಿ, ತಣ್ಣನೆಯ ಪೇಸ್ಟ್ ಹಚ್ಚಿ ವೈರುಗಳನ್ನು ಅಂಟಿಸುತ್ತಾರೆ. ಆಮೇಲೆ ಮಂಚದ ಮೇಲೆ ಮಲಗಿಸಿ 'ಕಣ್ಣು ಮುಚ್ಚಿ, ಈಗ ಬಿಡಿ' ಅನ್ನುತ್ತಿರುತ್ತಾರೆ. ಎಣ್ಣೆ ಬೇಡ ಅನ್ನುವುದಕ್ಕೆ ಕಾರಣವಿದೆ. ಗೋಡೆ ಗಡಿಯಾರದ ಶೆಲ್ಲು ಒಂದೂವರೆ ವೋಲ್ಟಿನದು. ತಲೆಯ ಮೇಲೆ ಸಿಗುವುದು ಒಂದು ವೋಲ್ಟಿನ ಲಕ್ಷದಲ್ಲಿ ಕೆಲವೇ ಪಾಲು. ನಡುವೆ ಎಣ್ಣೆಯ ಪದರ ಇದ್ದರೂ ಅದು ಕೆಡುತ್ತದೆ.

ಸದ್ದು ಚಿಕ್ಕದು ಅನ್ನುವುದಷ್ಟೇ ಕಷ್ಟವಲ್ಲ. ಮದುವೆ ಛತ್ರದ ಹೊರಗೆ ನಿಂತವರಿಗೆ ಗಟ್ಟಿಮೇಳ ಬಾರಿಸಿದರೆ ಮುಹೂರ್ತ ಆಯಿತು ಅಂತ ಗೊತ್ತಾಗುತ್ತದೆ. ಒಳಗೆ ಅತ್ತೆ ಸೊಸೆಯ ಕಿವಿಯಲ್ಲಿ ಏನು ಹೇಳಿದರು ಅನ್ನುವುದು ಕೇಳಿಸುವುದಿಲ್ಲ. ಇಇಜಿಯೂ ಹಾಗೆಯೇ. ಲಕ್ಷಾಂತರ ನರಕೋಶಗಳು ಒಟ್ಟಿಗೆ ಬಾರಿಸಿದರೆ ಮಾತ್ರ ಬುರುಡೆಯ ಆಚೆಗೆ ಕೇಳಿಸುತ್ತದೆ. ನಾವು ಕಣ್ಣು ಮುಚ್ಚಿದಾಗ ಹಾಗಾಗುತ್ತದೆ. ತಲೆಯ ಹಿಂಭಾಗದಲ್ಲಿ ಆಲ್ಫಾ ಅಲೆಗಳು ಜೋರಾಗಿ ಏಳುತ್ತವೆ.

1988ರಲ್ಲಿ ಆಗಿನ ಯುಗೊಸ್ಲಾವಿಯಾದ ಸ್ಕೋಪ್ಯೆ ನಗರದಲ್ಲಿ ಸ್ಟೆವೊ ಬೊಜಿನೊವ್‌ಸ್ಕಿ ಮತ್ತು ಜೊತೆಗಾರರು ಇದನ್ನೇ ಬಳಸಿಕೊಂಡರು. ನೆಲದ ಮೇಲೆ ಗೆರೆ ಎಳೆದು ಅದರ ಮೇಲೆ ಒಂದು ಪುಟ್ಟ ರೋಬೋಟ್ ಇಟ್ಟರು. ಕಣ್ಣು ಮುಚ್ಚಿದರೆ ಆಲ್ಫಾ ಏಳುತ್ತದೆ, ರೋಬೋಟ್ ಹೊರಡುತ್ತದೆ. ಕಣ್ಣು ಬಿಟ್ಟರೆ ನಿಲ್ಲುತ್ತದೆ. ಇಇಜಿಯಿಂದ ಒಂದು ರೋಬೋಟನ್ನು ನಡೆಸಿದ್ದು ಅದೇ ಮೊದಲು. ಮೆದುಳನ್ನು ಯಂತ್ರಕ್ಕೆ ಜೋಡಿಸುವ ಇಂಥ ವ್ಯವಸ್ಥೆಗೆ 'ಬ್ರೈನ್ ಕಂಪ್ಯೂಟರ್ ಇಂಟರ್‌ಫೇಸ್' ಎಂಬ ಹೆಸರನ್ನು ಕ್ಯಾಲಿಫೋರ್ನಿಯಾದ ಜಾಕ್ ವಿಡಾಲ್ 1973ರಲ್ಲೇ ಕೊಟ್ಟಿದ್ದರು. ಹೆಸರು ಓಡಾಡಲು ಕಲಿತದ್ದು ಸ್ಕೋಪ್ಯೆಯ ನೆಲದ ಮೇಲೆ. ಈ ಕಥೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ ಅನ್ನುವುದು ನನಗೆ ಬೇಜಾರು.

ಹೋಗು, ನಿಲ್ಲು ಎರಡರಲ್ಲಿ ಕಾಫಿ ಕುಡಿಯಲು ಆಗುವುದಿಲ್ಲವಲ್ಲ. ಅದಕ್ಕೆ ಛತ್ರದ ಒಳಗೇ, ಅಂದರೆ ಬುರುಡೆಯ ಒಳಗೇ ಹೋಗಬೇಕು.

ಒಳಗೆ ಹೋದವರಲ್ಲಿ ಸಿಯಾಟಲ್‌ನ ಎಬರ್‌ಹಾರ್ಡ್ ಫೆಟ್ಜ್ ಮೊದಲಿಗರಲ್ಲಿ ಒಬ್ಬರು. 1969ರಲ್ಲಿ ಅವರು ಕೋತಿಯ ಒಂದೇ ಒಂದು ನರಕೋಶವನ್ನು ಮೀಟರಿನ ಮುಳ್ಳಿಗೆ ಜೋಡಿಸಿದರು. ಮುಳ್ಳು ಏರಿದರೆ ತಿಂಡಿ. ಸ್ವಲ್ಪ ಹೊತ್ತಿನಲ್ಲೇ ಕೋತಿ ಆ ಕೋಶವನ್ನು ಬೇಕೆಂದಾಗ ಚುರುಕು ಮಾಡಲು ಕಲಿಯಿತು. 1980ರ ದಶಕದಲ್ಲಿ ಅಪೊಸ್ಟೊಲೊಸ್ ಜಾರ್ಜೊಪೌಲೊಸ್ ಎಂಬ ವಿಜ್ಞಾನಿ ಇನ್ನೊಂದು ಗುಟ್ಟು ಕಂಡುಹಿಡಿದರು. ಕೈ ಆಡಿಸುವ ಹೆಚ್ಚಿನ ನರಕೋಶಗಳಿಗೆ ತಮ್ಮದೇ ಒಂದು ಇಷ್ಟದ ದಿಕ್ಕು ಇರುತ್ತದೆ. ನಮ್ಮ ಊರ ತೇರು ನೆನೆಸಿಕೊಳ್ಳಿ. ಹಗ್ಗ ಹಿಡಿದ ನೂರು ಜನ ಒಬ್ಬೊಬ್ಬರೂ ಒಂದೊಂದು ಕಡೆಗೆ ಸ್ವಲ್ಪ ಎಳೆಯುತ್ತಾರೆ, ತೇರು ಮಾತ್ರ ಎಲ್ಲರ ಬಲ ಕೂಡಿದ ಕಡೆಗೆ ಹೋಗುತ್ತದೆ. ಯಾರು ಎಷ್ಟು ಜೋರಾಗಿ ಎಳೆಯುತ್ತಿದ್ದಾರೆ ಎಂದು ಲೆಕ್ಕ ಹಾಕಿದರೆ, ಕೈ ಎತ್ತ ಹೊರಟಿದೆ ಎಂದು ಹೇಳಬಹುದು. ರೋಬೋಟಿಗೆ ಬೇಕಾದದ್ದು ಆ ಲೆಕ್ಕ.

ಆಮೇಲೆ ಕೆಲಸ ಬೇಗ ಬೇಗ ಸಾಗಿತು. 2008ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮಿಗೆಲ್ ನಿಕೊಲೆಲಿಸ್ ತಂಡದ ಇದೋಯಾ ಎಂಬ ಕೋತಿ ಟ್ರೆಡ್‌ಮಿಲ್ ಮೇಲೆ ನಡೆಯಿತು. ಅದರ ಮೆದುಳಿನ ಸಂಕೇತ ಜಪಾನಿನ ಕ್ಯೋಟೊ ತಲುಪಿ ಅಲ್ಲೊಂದು ರೋಬೋಟ್ ಹೆಜ್ಜೆ ಹಾಕಿತು. ಐದಾರು ಕೆಜಿಯ ಕೋತಿ, 90 ಕೆಜಿಯ ರೋಬೋಟ್. ಟ್ರೆಡ್‌ಮಿಲ್ ನಿಲ್ಲಿಸಿದರು, ಕೋತಿಯೂ ನಿಂತಿತು. ಆದರೆ ಎದುರಿನ ಪರದೆಯಲ್ಲಿ ಕಾಣುತ್ತಿದ್ದ ರೋಬೋಟಿನ ಕಾಲಿನಿಂದ ಅದು ಕಣ್ಣು ತೆಗೆಯಲಿಲ್ಲ. ಸುಮಾರು ಮೂರು ನಿಮಿಷ ರೋಬೋಟ್ ನಡೆಯುತ್ತಲೇ ಇತ್ತು.

ಹಚಿನ್ಸನ್ ಅವರ ಮೆದುಳಿನ ಮೇಲೆ ಇದ್ದದ್ದು ಉದ್ದಿನಕಾಳಿನಷ್ಟು ಚಿಕ್ಕ ಚಿಪ್. ಅದರಲ್ಲಿ 96 ಸೂಜಿಮೊನೆಯ ಎಲೆಕ್ಟ್ರೋಡ್. ಐದು ವರ್ಷಕ್ಕೂ ಹಿಂದೆ ಕೂರಿಸಿದ್ದ ಚಿಪ್ ಇನ್ನೂ ಕೆಲಸ ಮಾಡುತ್ತಿದೆ ಅನ್ನುವುದೇ ಅವತ್ತು ದೊಡ್ಡ ಸುದ್ದಿ. ಈ ಕ್ಷೇತ್ರದ ನಿಜವಾದ ತೊಡಕು ಅಲ್ಲಿದೆ. ಎಲೆಕ್ಟ್ರೋಡ್ ಸುತ್ತ ಗಾಯದ ಕಲೆ ಕಟ್ಟುತ್ತದೆ. ಅದು ಕೂದಲಿನಷ್ಟು ಸರಿದರೂ ಬೇರೆ ಕೋಶದ ಸದ್ದು ಕೇಳಿಸುತ್ತದೆ. ಸಾಲದ್ದಕ್ಕೆ ಮೆದುಳೂ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ನಿನ್ನೆ ಸರಿಯಾಗಿದ್ದ ಲೆಕ್ಕ ಇವತ್ತು ತಪ್ಪು. ಹಾಗಾಗಿ ಪಕ್ಕದಲ್ಲಿ ಸದಾ ಒಬ್ಬ ತಂತ್ರಜ್ಞ ಇರಬೇಕು. ಮನೆಯಲ್ಲಿ ಬೆಳಿಗ್ಗೆ ಎದ್ದು ಕಾಫಿ ಕುಡಿಯಬೇಕಾದವರಿಗೆ ಇದರಿಂದ ಏನು ಉಪಯೋಗ?

ಅದಕ್ಕೇ 2025ರ ಮಾರ್ಚ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಬಂದ ಸುದ್ದಿ ನನಗೆ ತುಂಬಾ ದೊಡ್ಡದು. ಕರುಣೇಶ್ ಗಂಗೂಲಿ ಅವರ ತಂಡ ಸ್ಟ್ರೋಕ್ ಆದ ಒಬ್ಬರ ಮೆದುಳಿನ ಸಂಕೇತ ದಿನದಿಂದ ದಿನಕ್ಕೆ ಹೇಗೆ ಸರಿಯುತ್ತದೆ ಎಂದು ಗಮನಿಸಿತು. ಸಂಕೇತದ ಆಕಾರ ಹಾಗೇ ಇತ್ತು, ಜಾಗ ಮಾತ್ರ ಸರಿಯುತ್ತಿತ್ತು. ಈ ಸರಿದಾಟವನ್ನೇ ಕಂಪ್ಯೂಟರಿಗೆ ಕಲಿಸಿದರು. ರೋಬೋಟ್ ತೋಳು ಏಳು ತಿಂಗಳು ಕೆಲಸ ಮಾಡಿತು. ಆ ವ್ಯಕ್ತಿ ಅದರಿಂದ ಬೀರು ತೆರೆದು, ಲೋಟ ತೆಗೆದು, ನೀರಿನ ಡಿಸ್ಪೆನ್ಸರ್ ಕೆಳಗೆ ಹಿಡಿದರು.

ಇನ್ನು ಸ್ಪರ್ಶ. ನೋಡದೆಯೇ ಜೇಬಿನಲ್ಲಿ ಬೀಗದ ಕೈ ಹುಡುಕುತ್ತೇವಲ್ಲ, ಅದು ಬೆರಳಿನ ಜಾಣತನ. ಪಿಟ್ಸ್‌ಬರ್ಗ್‌ನಲ್ಲಿ, ಕೈಕಾಲು ಸ್ವಾಧೀನವಿಲ್ಲದ ನೇಥನ್ ಕೋಪ್‌ಲ್ಯಾಂಡ್ ಅವರಿಗೆ ರೋಬೋಟ್ ಬೆರಳಿನ ಸ್ಪರ್ಶವನ್ನು ಮೆದುಳಿಗೆ ವಾಪಸ್ ಕಳಿಸಿದಾಗ, ವಸ್ತು ಎತ್ತಿ ಇಡುವ ಕೆಲಸ ಸುಮಾರು 20 ಸೆಕೆಂಡಿನಿಂದ 10ಕ್ಕೆ ಇಳಿಯಿತು.

ಈಗ ಕಂಪನಿಗಳ ಕಾಲ. 2024ರ ಜನವರಿಯಲ್ಲಿ ಎಲಾನ್ ಮಸ್ಕ್ ಅವರ ನ್ಯೂರಾಲಿಂಕ್ ಕಂಪನಿ ಮೊದಲ ಬಾರಿಗೆ ಮನುಷ್ಯನ ಮೆದುಳಿಗೆ ತನ್ನ ಸಾಧನ ಜೋಡಿಸಿತು. ವಾರಗಳಲ್ಲೇ ಅದರ ಹಲವು ಎಲೆಕ್ಟ್ರೋಡ್ ಎಳೆಗಳು ಜಾಗ ಬಿಟ್ಟು ಹಿಂದೆ ಸರಿದವು. ಸಾಫ್ಟ್‌ವೇರ್ ಬದಲಿಸಿ ದಾರಿ ಕಂಡುಕೊಂಡರು. ನನಗೆ ಭಯ ಇರುವುದು ಬೇರೆ ಕಡೆ. ಕಣ್ಣು ಕಾಣದವರಿಗೆ ಆರ್ಗಸ್ 2 ಎಂಬ ಕೃತಕ ರೆಟಿನಾ ಕೊಟ್ಟ ಸೆಕೆಂಡ್ ಸೈಟ್ ಕಂಪನಿಗೆ ದುಡ್ಡಿನ ತೊಂದರೆ ಬಂದಾಗ, 350ಕ್ಕೂ ಹೆಚ್ಚು ಜನರ ಕಣ್ಣಿನಲ್ಲಿದ್ದ ಸಾಧನಕ್ಕೆ ರಿಪೇರಿ ಮಾಡುವವರೇ ಇಲ್ಲವಾದರು. ಫೋನ್ ಕೆಟ್ಟರೆ ಬೇರೆ ತಗೊಳ್ಳಬಹುದು. ತಲೆಯೊಳಗಿನದು ಕೆಟ್ಟರೆ? ಸಾಧನ ಕೂರಿಸುವ ಮೊದಲೇ, ಅದನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂದು ಕಾನೂನಿನಲ್ಲಿ ಬರೆಯಬೇಕು.

ನಾನು ಹೆಚ್ಚು ಆಸೆಯಿಂದ ಕಾಯುತ್ತಿರುವುದು ತಲೆ ಕೊರೆಯದ ದಾರಿಗೆ. 2021ರಲ್ಲಿ ಅಮೆರಿಕದಲ್ಲಿ ಇಪ್ಸಿಹ್ಯಾಂಡ್ ಎಂಬ ಸಾಧನಕ್ಕೆ ಒಪ್ಪಿಗೆ ಸಿಕ್ಕಿತು. ಸ್ಟ್ರೋಕ್ ಆದವರು ಕೈ ಬಿಚ್ಚಬೇಕು ಅಂದುಕೊಂಡಾಗ ತಲೆಯ ಮೇಲಿನ ಇಇಜಿ ಅದನ್ನು ಗುರುತಿಸುತ್ತದೆ. ಕೈಗೆ ತೊಡಿಸಿದ ಯಂತ್ರ ಬೆರಳು ಬಿಚ್ಚುತ್ತದೆ. ಹೀಗೆ ಮಾಡುತ್ತಾ ಮಾಡುತ್ತಾ ಕೈ ಮತ್ತೆ ಕಲಿಯಲಿ ಅನ್ನುವುದು ಉದ್ದೇಶ.

ನಮ್ಮ ಮನೆಗಳಲ್ಲಿ ಸ್ಟ್ರೋಕ್ ಆದವರ ಕೈಗೆ ಸ್ಪಂಜಿನ ಚೆಂಡು ಕೊಟ್ಟು 'ಒತ್ತಿ ಅಪ್ಪಾ, ಇನ್ನೊಂದ್ ಸಲ ಒತ್ತಿ' ಅನ್ನುತ್ತೇವೆ. ಬೆರಳು ಅಲ್ಲಾಡುವುದಿಲ್ಲ. ಅವರು ಮನಸ್ಸು ಮಾಡುತ್ತಿಲ್ಲ ಅಂತ ಎಷ್ಟೋ ಸಲ ಗದರುತ್ತೇವೆ. ಆದರೆ ಆ ಹೊತ್ತಿನಲ್ಲಿ ಅವರ ಮೆದುಳಿನಲ್ಲಿ ಒತ್ತಬೇಕು ಅನ್ನುವ ಅಲೆ ಎದ್ದಿರಬಹುದು, ನಮಗೆ ಕಾಣಿಸುವುದಿಲ್ಲ ಅಷ್ಟೇ. ಅದನ್ನು ಕಾಣಿಸುವ ಟೋಪಿ ನಮ್ಮ ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಗೆ ಬರಬೇಕು.